ಕೊಪ್ಪದ ರಾಗಿ ಮಿಲ್ಲೂ ನನ್ನ ನೂರು ವಾಟಿನ ಬಲ್ಬೂ

ರಿಪೇರಿ ಕೆಲಸದಲ್ಲಿ ಸಾಮಾನು ಸುಟ್ಟಾಗಲೆಲ್ಲ ಜೊತೆಗೆ ನಮ್ಮ ಮಾನವೂ ಒಂದಿಷ್ಟು ಸುಡುತ್ತೆ. ಮಂಡ್ಯದ ಗುತ್ತಲಿನಲ್ಲಿ ಇಪ್ಪತ್ತೈದು ವರ್ಷದಿಂದ ಯುಪಿಎಸ್ಸು, ವೆಲ್ಡಿಂಗ್ ಮಿಷನ್ನು, ಮೋಟರ್ ಡ್ರೈವು ಬಿಚ್ಚಿ ಕಟ್ತಾ ಇದ್ದೀನಿ. ತಿಂಗಳಿಗೊಂದು ಫಜೀತಿ ಮಾಮೂಲು. ಆದರೆ ಕೊಪ್ಪದ ಅವ್ವನ ಡ್ರೈವು ಇದೆಯಲ್ಲ, ಅದು ಒಂದು ವರ್ಷದ ಫಜೀತಿಯನ್ನ ಒಂದೇ ವಾರದಲ್ಲಿ ಮುಗಿಸಿಬಿಡ್ತು!

ಗೋಣಿಚೀಲ

ಅವ್ವನಿಗೆ ಎಪ್ಪತ್ತರ ಮೇಲೆ. ಕೊಪ್ಪದಲ್ಲಿ ಒಬ್ಬಳೇ ರಾಗಿ ಮಿಲ್ಲು ನಡೆಸ್ತಾಳೆ. ಮನೆ ಕರೆಂಟಿನಲ್ಲೇ ಮಿಲ್ಲಿನ ದೊಡ್ಡ ಮೋಟರು ಓಡಿಸೋ ಪೆಟ್ಟಿಗೆಗೆ ನಾವು ಡ್ರೈವು ಅಂತೀವಿ. ಅದನ್ನ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಹೊತ್ಕೊಂಡು ಬಂದಳು. ಮುಚ್ಚಳ ತೆಗೆದೆ. ಮೇಜಿನ ಮೇಲೆ ಅರ್ಧ ಸೇರು ಹಿಟ್ಟು ಸುರೀತು.

"ಏನವ್ವಾ ಮಾಡಿದ್ರಿ ಇದಕ್ಕೆ?"

"ನಾನೇನ್ ಮಾಡ್ನಿ? ಡಬ್ ಅಂತು, ಓಯ್ತು ಕಣಪ್ಪ. ಬೇಗ ಮಾಡ್ಕೊಡು. ನಂಗೆ ಈ ಮಿಲ್ಲೇ ಹೊಟ್ಟೆಬಟ್ಟೆ. ನಾಕು ದಿನ ನಿಂತ್ರೆ ಜನ ಮದ್ದೂರಿಗೆ ಓಯ್ತಾರೆ, ಓದೋರು ತಿರುಗಿ ಬರಾಕಿಲ್ಲ."

"ಮಾಡ್ಕೊಡ್ತೀನಿ. ಆದ್ರೆ ಒಳಗೆ ಇಷ್ಟೊಂದು ಹಿಟ್ಟು ಹೆಂಗೆ ಬಂತು?"

ಅವ್ವ ನನ್ನ ಮೇಲಿಂದ ಕೆಳಗೆ ನೋಡಿದಳು. "ರಾಗಿ ಮಿಲ್ಲಲ್ಲಿ ಹಿಟ್ಟಿರ್ದೆ ಇನ್ನೇನ್ ಉಪ್ಪಿರ್ತದಾ?"

ಎದೆ ಅಳತೆ

ಡ್ರೈವಿನೊಳಗೆ ಕರೆಂಟು ಹರಿಸೋ ದೊಡ್ಡ ಟ್ರಾನ್ಸಿಸ್ಟರುಗಳಿರ್ತವೆ. ಯಾವುದು ಯಾವಾಗ ತೆರೀಬೇಕು, ಯಾವಾಗ ಮುಚ್ಚಬೇಕು ಅಂತ ಹೇಳೋದು ಗೇಟ್ ಡ್ರೈವರ್ ಅನ್ನೋ ಪುಟಾಣಿ ಚಿಪ್ಪು. ಬಸ್ಸಿನ ಕಂಡಕ್ಟರ್ ಇದ್ದ ಹಾಗೆ. ಅವನು ಸೀಟಿ ಊದಿದರೇ ಗಾಡಿ ಮುಂದಕ್ಕೆ. ಅವನೇ ತೂಕಡಿಸಿದರೆ ಎದುರುಬದುರು ಎರಡು ಗಾಡಿ ಒಂದೇ ಸಂದಿಗೆ ನುಗ್ತವೆ.

ದೊಡ್ಡ ಟ್ರಾನ್ಸಿಸ್ಟರುಗಳು ಸುಟ್ಟಿದ್ದವು, ಬದಲಾಯಿಸಿದೆ. ಆ ಪುಟಾಣಿ ಚಿಪ್ಪು ಮೂರಿದ್ದವು, ಅವುಗಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಅವಕ್ಕೇನಾಗಿದೆ, ಗುಂಡುಕಲ್ಲು ಇದ್ದ ಹಾಗಿದಾವೆ ಅಂತ ಬಿಟ್ಟೆ. ಅನುಭವಸ್ಥ ನೋಡಿ ನಾನು! ಸ್ವಿಚ್ ಹಾಕಿದೆ. ಡಂ!

ಹೊಗೆ ಇಳಿದ ಮೇಲೆ ನೋಡ್ತೀನಿ, ಪಕ್ಕದಂಗಡಿ ಟೈಲರು ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ದಾನೆ.

"ಸಾರ್, ಗಿರಾಕಿ ಎದೆಗೆ ಟೇಪು ಸುತ್ತಿದ್ದೆ. ನೀವು ಡಂ ಅನ್ನಿಸಿದ್ರಿ, ಅವನೆದೆ ಎರಡಿಂಚು ಜಾಸ್ತಿ ಬಂತು. ಈಗ ಯಾವ ಅಳತೆಗೆ ಹೊಲೀಲಿ?"

ಗುಣ ಮುಖ್ಯ

ಬುದ್ಧಿ ಬಂತು, ಹೊರಗೆ ಕಾಣದಿದ್ದರೂ ಚಿಪ್ಪುಗಳು ಒಳಗೇ ಸತ್ತಿದ್ದವು. ಪೇಟೆ ಬೀದಿಯ ಒಂದು ಸಂದಿ ಅಂಗಡೀಲಿ ಮೂರು ಹೊಸ ಚಿಪ್ಪು ತಂದೆ, ಟ್ರಾನ್ಸಿಸ್ಟರುಗಳನ್ನೂ ಮತ್ತೆ ಹಾಕಿದೆ. ಈ ಸಲ ಟೈಲರಿಗೆ ಮೊದಲೇ ಹೇಳಿಯೇ ಸ್ವಿಚ್ ಹಾಕಿದ್ದು. ಡಂ! ಅವನು ಕಿವಿ ಮುಚ್ಕೊಂಡಿದ್ದ, ಪುಣ್ಯಾತ್ಮ.

ಅನುಮಾನ ಬಂದು ಹತ್ತಿಗೆ ಥಿನ್ನರ್ ಹಾಕಿ ಚಿಪ್ಪು ಒರೆಸಿದೆ. ಮೇಲಿದ್ದ ಕಂಪನಿ ಹೆಸರು, ನಂಬರು ಎಲ್ಲ ಹತ್ತಿಗೇ ಬಂತು! ಯಾವುದೋ ಹಳೇ ಮಾಲಿಗೆ ಹೊಸ ಹೆಸರು ಬರೆದಿದ್ದರು. ಕೆಂಡಾಮಂಡಲ ಆಗಿ ಅಂಗಡಿಗೆ ಹೋಗಿ ಬೋಳು ಚಿಪ್ಪು ತೋರಿಸಿದೆ.

"ಏನ್ರೀ ಇದು, ಒರೆಸಿದ್ರೆ ಹೆಸರೇ ಹೋಯ್ತಲ್ಲ!"

ಅವನು ಒಂಚೂರೂ ಅಲುಗಾಡಲಿಲ್ಲ. "ಹೋಗ್ಲಿ ಬುಡಿ ಸಾರ್. ಹೆಸರಲ್ಲೇನಿದೆ, ಗುಣ ಮುಖ್ಯ."

ಕೈ ಮುಗಿದದ್ದು

ಕೊನೆಗೆ ಗೊತ್ತಿದ್ದ ಕಡೆಯಿಂದ ನಾಲ್ಕು ಅಸಲಿ ಚಿಪ್ಪೂ ಹೊಸ ಟ್ರಾನ್ಸಿಸ್ಟರುಗಳೂ ತರಿಸಿದೆ. ಅಷ್ಟೊತ್ತಿಗೆ ಎಂಟು ದಿನ ಆಗಿತ್ತು. ಅವ್ವ ಫೋನಿನಲ್ಲಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಳು:

"ನಿನ್ನ ಅಂಗ್ಡೀಲಿ ಬ್ಯಾಡ. ಇಲ್ಲೇ ಬಂದು ನನ್ ಕಣ್ಮುಂದೆ ಮಾಡು. ಇವತ್ತೂ ಓಡ್ನಿಲ್ಲ ಅಂದ್ರೆ ಮಿಲ್ಲಿಗೆ ಬೀಗ ಜಡೀತೀನಿ."

ಪೆಟ್ಟಿಗೆ ಸ್ಕೂಟರಿಗೆ ಕಟ್ಕೊಂಡು ಬೆಳಗ್ಗೇನೇ ಹೋದೆ. ಮಿಲ್ಲಿನ ಮುಂದೆ ರಾಗಿ ಡಬ್ಬ ಇಟ್ಕೊಂಡು ಹತ್ತು ಜನ ಕಾಯ್ತಾ ಕೂತಿದ್ರು. ಅವರ ಎದುರಿಗೇ ಟ್ರಾನ್ಸಿಸ್ಟರುಗಳನ್ನೂ ಮೂರು ಚಿಪ್ಪನ್ನೂ ಬೆಸುಗೆ ಹಾಕಿದೆ. ಒಂದು ಚಿಪ್ಪು ಜೇಬಲ್ಲಿ ಉಳೀತು.

ಈ ಸಲ ಆತುರ ಪಡಲಿಲ್ಲ. ಕರೆಂಟು ಬರೋ ದಾರೀಲಿ ನೂರು ವಾಟಿನ ಬಲ್ಬು ಕಟ್ಟಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ ಅಂತ ಉರಿಯುತ್ತೆ, ಸಾಮಾನು ಉಳಿಯುತ್ತೆ. ಎಲ್ಲ ಸರಿಯಿದ್ದರೆ ಒಂದ್ಸಲ ಮಿಂಚಿ ಆರಿಹೋಗುತ್ತೆ. ಇದನ್ನ ಅಲ್ಲಿದ್ದವರಿಗೆ ಹೇಳೋದು ಮರೆತೆ.

ಸ್ವಿಚ್ ಹಾಕಿದೆ. ಝಗ್! ಮಿಲ್ಲೆಲ್ಲ ಬೆಳಕು. ಒಳಗೆ ಇನ್ನೂ ಶಾರ್ಟ್!

ಅವ್ವ ಸೆರಗು ಹೊದ್ದು ಬಲ್ಬಿಗೆ ಕೈ ಮುಗಿದಳು, ಸಂಜೆ ದೀಪ ಹಚ್ಚಿದಾಗ ಮುಗಿಯೋ ಹಾಗೆ. ಹತ್ತೂ ಜನ ಎದ್ದು ಕೈ ಮುಗಿದ್ರು. "ಬಂತು ಬಂತು! ನಮ್ಮಪ್ಪ ವೈದ್ಯನಾಥಸ್ವಾಮಿ ಕಣ್ ಬುಟ್ಟ!" ಅಂತ ಒಬ್ಬಾತ ಆಗಲೇ ಡಬ್ಬ ಮುಂದಕ್ಕೆ ತಳ್ಳಿದ. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಕನ್ನಡಕದ ಹಿಟ್ಟು ಒರೆಸಿ ನೋಡಿದರೆ, ಒಂದು ಚಿಪ್ಪನ್ನ ತಿರುಗಾಮುರುಗಾ ಕೂರಿಸಿದ್ದೀನಿ! ಇಪ್ಪತ್ತೈದು ವರ್ಷದ ಅನುಭವ. ಯಾರಿಗೂ ಹೇಳದೆ ಅದನ್ನ ಕಿತ್ತೆ. ಜೇಬಿನದನ್ನ ಹಾಕಿದೆ. ಇದೂ ಹೋದರೆ ಇನ್ನಿಲ್ಲ. ಉಸಿರು ಬಿಗಿಹಿಡಿದು ಸ್ವಿಚ್ ಹಾಕಿದೆ. ಬಲ್ಬು ಕಪ್ಪಗೇ ಇತ್ತು.

"ಆರ್ತು ಅವ್ವಾ, ಆರ್ತು!" ಅಂತ ಕುಣಿದುಬಿಟ್ಟೆ.

"ಥೂ! ಬುಡ್ತು ಅನ್ನು, ಬುಡ್ತು ಅನ್ನು! ದೀಪ ಆರ್ತು ಅಂತ ಕುಣೀತಿಯಲ್ಲೋ ಮೂದೇವಿ!"

"ಬಿಡ್ತು, ಬಿಡ್ತು. ಅವ್ವಾ, ಈ ಬಲ್ಬು ಉರಿದ್ರೆ ಕೆಟ್ಟಿದೆ ಅಂತ, ಆರಿದ್ರೆ ಸರಿಯಾಗಿದೆ ಅಂತ."

ಡಬ್ಬದವನು ಮೇಲೆ ನೋಡಿದ. "ಸಾ, ಫ್ಯಾನೂ ನಿಂತದೆ. ಕರೆಂಟ್ ಓಯ್ತು. ನಿಮ್ ಲೆಕ್ಕದಲ್ಲಿ ಈಗ ನಮ್ಮೂರೇ ಸರಿಯಾಗೋಯ್ತು ಬುಡಿ."

ಒಂದು ಗಂಟೆ ಕಾದ್ವಿ. ಅವ್ವ ಬೀಗದ ಕೈ ಬೆರಳಲ್ಲಿ ತಿರುಗಿಸ್ತಾ ಕೂತಿದ್ದಳು. ಅದನ್ನ ನೋಡೋದಕ್ಕೇ ನನಗೆ ಆಗ್ತಿರಲಿಲ್ಲ.

ಫ್ಯಾನು ಅಲುಗಾಡ್ತು. ಬಲ್ಬು ಒಂದ್ಸಲ ಮಿಂಚಿತು. ಆರಿತು. ಫ್ಯಾನು ಮಾತ್ರ ತಿರುಗ್ತಾನೇ ಇತ್ತು. ನಾನು ಈ ಸಲ ಬಾಯಿ ಬಿಡಲಿಲ್ಲ. ಬಲ್ಬು ಬಿಡಿಸಿ ನೇರ ಕರೆಂಟು ಕೊಟ್ಟು ಬಟನ್ ಒತ್ತಿದೆ. ಮೋಟರು ಗುಯ್ ಅಂತು, ಕಲ್ಲು ತಿರುಗ್ತು, ಬೆಚ್ಚನೆ ಹಿಟ್ಟು ಡಬ್ಬಕ್ಕೆ ಇಳೀತು. ಅಬ್ಬಾ! ಎಂಟು ದಿನದ ಮೇಲೆ ಉಸಿರು ಸಲೀಸಾಗಿ ಬಂತು ನನಗೆ.

ಅವ್ವ ಹಿಟ್ಟನ್ನ ಬೆರಳಲ್ಲಿ ತಿಕ್ಕಿ ನೋಡಿದಳು. ಬೀಗದ ಕೈಯನ್ನ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ, ನಾನು ಬಿಡಿಸಿ ಮೂಟೆ ಮೇಲಿಟ್ಟಿದ್ದ ಬಲ್ಬಿನ ಮುಂದೆ ನಿಂತು, ಸೆರಗು ಹೊದ್ದು ಕಣ್ಮುಚ್ಚಿ ಕೈ ಮುಗಿದಳು.

"ಅಪ್ಪಾ ತಂದೆ, ನೀನು ಯಾವತ್ತೂ ಇಂಗೇ ಇರು. ನಾನ್ ಬದ್ಕಿರೋಗಂಟ ಉರೀಬ್ಯಾಡ!"