ಹೆಬ್ಬಾತುಗಳೂ ನನ್ನ ನ್ಯಾಚುರಲ್ ಇಂಗ್ಲಿಷೂ

ಇಂಗ್ಲಿಷ್ ಕಲಿಯುವುದು ನನಗೇನೂ ಕಷ್ಟವಾಗಲಿಕ್ಕಿಲ್ಲ ಎಂಬ ಖಚಿತ ತೀರ್ಮಾನಕ್ಕೆ ನಾನು ಬಂದದ್ದು, ಕಲಿಯಲು ಶುರು ಮಾಡುವುದಕ್ಕಿಂತ ಮುಂಚೆ. ಶುರು ಮಾಡಿದ ಮೇಲೆ ಅಂಥ ತೀರ್ಮಾನಕ್ಕೆ ಬರುವ ಅವಕಾಶವೇ ಸಿಗಲಿಲ್ಲ!

ಶಿರಹಟ್ಟಿಯ ಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮೂವತ್ತು ವರ್ಷಗಳಿಂದ ಮದುವೆ, ಸೀಮಂತ, ಜವಳ ಎಂದು ಸುತ್ತಲಿನ ಊರುಗಳ ಸಕಲ ಸಂಭ್ರಮಗಳನ್ನು ಸೆರೆಹಿಡಿಯುತ್ತ ಬಂದಿದ್ದೇನೆ. ಈ ಮೂವತ್ತು ವರ್ಷವೂ 'ರೆಡಿ', 'ಸ್ಮೈಲ್ ಪ್ಲೀಸ್', 'ಒನ್ ಮೋರ್' ಎಂಬ ಒಟ್ಟು ಐದು ಇಂಗ್ಲಿಷ್ ಶಬ್ದಗಳಲ್ಲಿ ಸುಖವಾಗಿ ಜೀವನ ಸಾಗಿತ್ತು. ಆರನೆಯ ಶಬ್ದದ ಅಗತ್ಯವೇ ಬಿದ್ದಿರಲಿಲ್ಲ.

ಹೊಟ್ಟೆಪಾಡಿಗೆ ಮದುವೆಯಾದರೆ, ಮನಸ್ಸಿಗೆ ಹಕ್ಕಿ. ನಮ್ಮೂರಿನ ಹತ್ತಿರದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹೆಬ್ಬಾತುಗಳು ಬರುತ್ತವೆ. ತಲೆಯ ಮೇಲೆ ಎರಡು ಕಪ್ಪು ಗೀರು ಎಳೆದುಕೊಂಡು, ಹಿಮಾಲಯ ದಾಟಿ ಬರುವ ಬೂದು ಬಣ್ಣದ ದೊಡ್ಡ ಹಕ್ಕಿಗಳು. ಹತ್ತು ವರ್ಷಗಳಿಂದ ನಾನು ಬೆಳಗಿನ ಚಳಿಯಲ್ಲಿ ಕೆರೆಯ ದಂಡೆಯ ಮೇಲೆ ಮಂಕಿ ಕ್ಯಾಪ್ ಹಾಕಿಕೊಂಡು ಕೂತು ಅವುಗಳ ಫೋಟೋ ತೆಗೆಯುತ್ತಿದ್ದೇನೆ. ಇದರ ಬಗ್ಗೆ ಊರಿನ ಅಭಿಪ್ರಾಯ ಒಂದೇ: "ಫೋಟೋ ಚಂದ್ರಣ್ಣಾ, ಅವು ಮದುವಿ ಮಾಡ್ಕೊಂಡ್ರ ನಿನಗ ಆರ್ಡರ್ ಕೊಡ್ತಾವೇನೋ?"

ಹೀಗಿರಲು, ನಾನು ಇಂಟರ್ನೆಟ್ಟಿಗೆ ಹಾಕಿದ್ದ ಒಂದು ಫೋಟೋ ನೋಡಿ ಇಂಗ್ಲೆಂಡಿನಿಂದ ಹೆಲೆನ್ ಎಂಬ ಹೆಣ್ಣುಮಗಳು ಸಂದೇಶ ಕಳಿಸಿದಳು. ಅರವತ್ತು ದಾಟಿದ ಹಕ್ಕಿಪ್ರೇಮಿ. ಈ ಹೆಬ್ಬಾತುಗಳ ಪ್ರಯಾಣದ ಮೇಲೆ ಪುಸ್ತಕ ಬರೆಯುತ್ತಿದ್ದಳು. ಜನವರಿಯಲ್ಲಿ ಹಂಪಿಗೆ ಬರುವವಳಿದ್ದಾಳೆ, ಅಲ್ಲಿಂದ ನಮ್ಮಲ್ಲಿಗೂ ಬಂದು ಕೆರೆ ನೋಡಿ, ನನ್ನ ಫೋಟೋಗಳನ್ನೆಲ್ಲ ನೋಡಿ, ಮೆಚ್ಚಿಗೆಯಾದರೆ ಪುಸ್ತಕದಲ್ಲಿ ಹಾಕಿಕೊಳ್ಳುತ್ತಾಳಂತೆ! ಮೊಬೈಲು ಅದನ್ನು ಕನ್ನಡಕ್ಕೆ ತರ್ಜುಮೆ ಮಾಡಿ ತೋರಿಸಿದಾಗ ಎರಡೆರಡು ಸಲ ಓದಿದೆ. ಹತ್ತು ವರ್ಷದಲ್ಲಿ ಆ ಫೋಟೋಗಳನ್ನು ನೋಡಬೇಕೆಂದು ಕೇಳಿದ ಮೊದಲ ಮನುಷ್ಯಜೀವಿ ಆಕೆ.

"ಫೋನ್ ಹೆಂಗೂ ತರ್ಜುಮೆ ಮಾಡ್ತೈತೆಲ್ಲ, ಆಕಿ ಬಂದಾಗ ಅದರಾಗಽ ಮಾತಾಡ್ರಿ," ಎಂದಳು ನನ್ನ ಹೆಂಡತಿ ನಿರ್ಮಲಾ.

"ಮನಿಗೆ ಬಂದ ಅತಿಥಿ ಮುಂದ ಫೋನ್ ಹಿಡ್ಕೊಂಡು ಕುಂಡ್ರೂದೇನ? ಮಾತು ನ್ಯಾಚುರಲ್ ಆಗಿರಬೇಕು!"

"ನೀವು ಕನ್ನಡದಾಗಽ ನ್ಯಾಚುರಲ್ ಆಗಿ ಮಾತಾಡಿದ್ದು ನಾ ನೋಡಿಲ್ಲ."

ಈ ಮಾತನ್ನು ಉದಾರವಾಗಿ ಕ್ಷಮಿಸಿ, ಮರುದಿನವೇ ಗದಗದ ಬಸ್ಸು ಹತ್ತಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೆಸರು ಹಚ್ಚಿದೆ. ಅಲ್ಲಿನ ಮೇಡಂ ಮೊದಲ ದಿನವೇ ಗುಟ್ಟು ಬಿಚ್ಚಿದರು. "ವ್ಯಾಕರಣ ಹಿಂದಾಗಡೆ ನೋಡೂಣ್ರಿ. ಇಂಗ್ಲಿಷ್ ಮಂದಿ ಹಂಗ ಮಾತಾಡಬೇಕಂದ್ರ ಈಡಿಯಮ್ಸ್ ಬೇಕು. ಅಂದ್ರ ನುಡಿಗಟ್ಟು. ಒಂದು ಮಾತಿಗೆ ಒಂದು ಹಾಕಿದ್ರ ಮುಂದಿನಾವ್ರು ಬೆರಗಾಗಿ ನೋಡಬೇಕು!"

ಬೆರಗಾಗಿ ನೋಡುವ ಭಾಗ ಮಾತ್ರ ಅಕ್ಷರಶಃ ನಿಜವಾಯಿತು.

ಮೇಡಂ ಕೊಟ್ಟದ್ದು ಮೂರು ಹಾಳೆಯ ಪಟ್ಟಿ. ಎಡಗಡೆ ನುಡಿಗಟ್ಟು, ಬಲಗಡೆ ಕನ್ನಡ ಅರ್ಥ. ಬಸ್ಸು ಮುಳಗುಂದ ದಾಟಿ ಶಿರಹಟ್ಟಿ ಮುಟ್ಟುವಷ್ಟರಲ್ಲಿ ದಿನಕ್ಕೆ ಹತ್ತು ಬಾಯಿಪಾಠ. ಮೂರನೆಯ ಹಾಳೆಯ ಝೆರಾಕ್ಸ್ ತೆಗೆಯುವಾಗ ಕಾಗದ ಸರಿದು, ಅರ್ಥದ ಭಾಗವೆಲ್ಲ ಕತ್ತರಿಸಿ ಹೋಗಿತ್ತು. ಕೇಳೋಣವೆಂದರೆ ಅಷ್ಟರಲ್ಲಿ ಮದುವೆಯ ಸುಗ್ಗಿ ಶುರುವಾಗಿ ಕ್ಲಾಸು ತಪ್ಪಿತು. ಇರಲಿ, ಬುದ್ಧಿ ಇದ್ದವನಿಗೆ ಶಬ್ದ ನೋಡಿದರೆ ಅರ್ಥ ಹೊಳೆಯುತ್ತದೆ ಎಂದುಕೊಂಡೆ. ಆ 'ಬುದ್ಧಿ ಇದ್ದವ' ನಾನೇ ಎಂದು ಯಾರು ಹೇಳಿದ್ದರೋ!

ಅರ್ಥವಿದ್ದ ಹಾಳೆಗಳಿಂದಲೂ ಅನಾಹುತ ಸಾಧ್ಯ ಎಂಬುದು ಮುಂಡರಗಿಯ ಒಂದು ಮದುವೆಯಲ್ಲಿ ತಿಳಿಯಿತು. ಮುಹೂರ್ತಕ್ಕೆ ಇನ್ನೇನು ಹತ್ತು ನಿಮಿಷ. ಮದುಮಗ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದ. ನಗಿಸೋಣವೆಂದು ಕ್ಯಾಮೆರಾ ಇಳಿಸಿ, "ಏನ್ರಿ, ಕೋಲ್ಡ್ ಫೀಟ್?" ಎಂದೆ. ಕೋಲ್ಡ್ ಫೀಟ್ ಎಂದರೆ ಕೊನೆ ಗಳಿಗೆಯ ಅಳುಕು. ಪಟ್ಟಿಯಲ್ಲಿ ಮೊದಲ ಹಾಳೆ, ಏಳನೆಯ ಸಾಲು.

ಬರಿಗಾಲಲ್ಲಿ ನಿಂತಿದ್ದ ಮದುಮಗ ಕಾಲು ನೋಡಿಕೊಂಡು, "ಹೂಂ ರೀ, ಭಾಳ," ಎಂದ.

ಹಿಂದೆ ನಿಂತಿದ್ದ ಹುಡುಗಿಯ ಸೋದರಮಾವನಿಗೆ ದುರ್ದೈವದಿಂದ ಇಂಗ್ಲಿಷ್ ಬರುತ್ತಿತ್ತು. ಎರಡೇ ನಿಮಿಷದಲ್ಲಿ ಸುದ್ದಿ ಪೆಂಡಾಲ್ ತುಂಬಿತು. ಹುಡುಗನಿಗೆ ಮದುವೆ ಮನಸ್ಸಿಲ್ಲವಂತೆ, ಫೋಟೋದವನ ಮುಂದೆ ಬಾಯಿಬಿಟ್ಟನಂತೆ! ಹುಡುಗಿಯ ತಂದೆ ರುಮಾಲು ತೆಗೆದು ಕುರ್ಚಿಯ ಮೇಲೆ ಇಟ್ಟುಬಿಟ್ಟರು. ವಾಲಗದವರು ಊದುವುದನ್ನು ನಿಲ್ಲಿಸಿದರು. "ಮನಸ್ಸೈತ್ರೀ ಮಾವಾರ! ಕಾಲು ತಣ್ಣಗಾಗ್ಯಾವಂತ ಅಂದೆ ಅಷ್ಟ!" ಎಂದು ಮದುಮಗ ಬಾಸಿಂಗದ ಹಿಂದಿನಿಂದ ಕೂಗಿಕೊಂಡ. ಕೊನೆಗೆ ಅವನ ಪಾದ ಮುಟ್ಟಿ ನೋಡಿ, ಖರೆಯೇ ತಣ್ಣಗಿವೆ ಎಂದು ಹಿರಿಯರು ಸಾಕ್ಷಿ ಹೇಳಿದ ಮೇಲೆ ಅಕ್ಷತೆ ಬಿತ್ತು. ಆ ಮದುವೆಯ ಆಲ್ಬಮ್ಮಿನಲ್ಲಿ ಯಾರೂ ನಕ್ಕಿಲ್ಲ.

"ಇಂಗ್ಲಿಷ್ ಸಾಕ್ರಿ," ಎಂದಳು ನಿರ್ಮಲಾ.

ಆದರೆ ಹೆಲೆನ್ ಬರಲು ಎಂಟೇ ದಿನ ಉಳಿದಿತ್ತು. ಈಗ ನಿಲ್ಲಿಸುವುದೆಂದರೆ ಏನರ್ಥ?

ಹೇಳಿದ ದಿನ ಮಧ್ಯಾಹ್ನ ನಾಲ್ಕಕ್ಕೆ ಹೊಸಪೇಟೆಯ ಬಾಡಿಗೆ ಕಾರು ನಮ್ಮ ಮನೆಯ ಮುಂದೆ ನಿಂತಿತು. ತೆಳ್ಳಗೆ, ಎತ್ತರಕ್ಕೆ, ಕೊರಳಲ್ಲಿ ದುರ್ಬೀನು ಹಾಕಿಕೊಂಡ ಹೆಲೆನ್ ಇಳಿದಳು. ಡ್ರೈವರ್ ಮಾಬುಸಾಬ ತನ್ನ ನಂಬರು ಕೊಟ್ಟು ಚಹಾ ಕುಡಿಯಲು ಪೇಟೆಗೆ ಹೋದ. ಪ್ರವಾಸಿಗರೊಡನೆ ಇಪ್ಪತ್ತು ವರ್ಷ ತಿರುಗಿದ ಅವನಿಗೆ ಇಂಗ್ಲಿಷ್ ಸರಾಗ. ಅವನನ್ನು ಜೊತೆಗೆ ಕೂಡಿಸಿಕೊಳ್ಳಬಹುದಿತ್ತು. ನನ್ನ ಸ್ವಾಭಿಮಾನ ಒಪ್ಪಲಿಲ್ಲ.

ಆಕೆ ಮನೆಯನ್ನು ನೋಡಿ ಚೆನ್ನಾಗಿದೆ ಎಂದಳು. ಹೊಸದಾಗಿ ಬಿಳಿ ಬಣ್ಣ ಹೊಡೆಸಿದ್ದೆ. ಮೂರನೆಯ ಹಾಳೆ ನೆನಪಾಯಿತು. ಬಿಳಿ ಆನೆ ಎಂದರೆ ಐರಾವತ, ಸಾಕ್ಷಾತ್ ದೇವೇಂದ್ರನ ವಾಹನ! ಎದೆಯುಬ್ಬಿಸಿ, "ಯೆಸ್, ದಿಸ್ ಹೌಸ್ ಈಸ್ ಎ ವೈಟ್ ಎಲಿಫೆಂಟ್," ಎಂದೆ. ಆಕೆ ನನ್ನ ಭುಜ ಮುಟ್ಟಿ ಸಂತಾಪ ಸೂಚಿಸಿದಳು. ಅದರ ಅರ್ಥ ದುಡ್ಡು ನುಂಗುವ ಹೊರೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ನಿರ್ಮಲಾ ಗಿರ್ಮಿಟ್ಟು, ಮಿರ್ಚಿ ಭಜಿ ತಂದಿಟ್ಟಳು. ಭಜಿ ತಿಂದ ಹೆಲೆನ್ ಕಣ್ಣಲ್ಲಿ ನೀರು ತುಂಬಿಕೊಂಡು, ಯಾರು ಮಾಡಿದ್ದು ಎಂದು ಕೇಳಿದಳು. ಕೈತುಂಬ ಕೊಡುವವಳು ಎಂದು ಹೆಂಡತಿಯನ್ನು ಹೊಗಳುವ ಮನಸ್ಸಾಗಿ, "ಮೈ ವೈಫ್. ಶೀ ಈಸ್ ಎ ಹ್ಯಾಂಡ್‌ಫುಲ್!" ಎಂದೆ. ಸಂಭಾಳಿಸಲಾಗದ ಹೆಂಗಸು ಎಂಬುದಕ್ಕೆ ಇಂಗ್ಲಿಷಿನಲ್ಲಿ ಹಾಗೆ ಹೇಳುತ್ತಾರೆಂದು ಆಮೇಲೆ ಗೊತ್ತಾಯಿತು. ಹೆಲೆನ್ ಬೆರಗಾಗಿ ನಿರ್ಮಲಾಳನ್ನು ನೋಡಿದಳು. ನಿರ್ಮಲಾ ಇನ್ನೊಂದು ಭಜಿ ಹಾಕಿದಳು.

ಬಳಿಕ ನನ್ನ ಹತ್ತು ವರ್ಷದ ತಪಸ್ಸು ಕಂಪ್ಯೂಟರಿನ ಪರದೆಯ ಮೇಲೆ ತೆರೆದುಕೊಂಡಿತು. ಮಂಜಿನಲ್ಲಿ ಇಳಿಯುವ ಹೆಬ್ಬಾತು, ಕಡಲೆ ಹೊಲದಲ್ಲಿ ಮೇಯುವ ಹೆಬ್ಬಾತು, ಸೂರ್ಯನಿಗೆ ಅಡ್ಡ ಹಾರುವ ಹೆಬ್ಬಾತು. ಹೆಲೆನ್ ಮುಂದಕ್ಕೆ ಬಾಗಿ ಉಸಿರು ಬಿಗಿಹಿಡಿದು ನೋಡಿದಳು. ಹಿಗ್ಗಿ ಹೀರೇಕಾಯಿ ಆಗಬಾರದು, ವಿನಯ ತೋರಿಸಬೇಕು ಎನ್ನಿಸಿತು. ಚಿಟಿಕೆ ಉಪ್ಪು ಎಂದರೆ ಬಡವನ ಮನೆಯ ಊಟವಲ್ಲವೇ? ಕೈಮುಗಿದು, "ಮೇಡಂ, ಮೈ ಫೋಟೋಸ್, ಪ್ಲೀಸ್ ಟೇಕ್ ವಿತ್ ಎ ಪಿಂಚ್ ಆಫ್ ಸಾಲ್ಟ್," ಎಂದೆ.

ಆಕೆ ನಿಧಾನವಾಗಿ ಹಿಂದಕ್ಕೆ ಸರಿದು ಕೂತಳು. "ರಿಯಲಿ?" ಎಂದಳು.

"ಆಲ್ ಫೋಟೋಸ್!" ಎಂದೆ, ಯಾವುದನ್ನೂ ಬಿಡದೆ.

ಕೊರಳ ದುರ್ಬೀನನ್ನು ಮುಟ್ಟಿಕೊಂಡು, ನಾಳೆ ಕೆರೆಯ ಮೇಲೆ ಹಕ್ಕಿ ನೋಡಲು ಸಿಗುತ್ತವೆಯೇ ಎಂದು ಕೇಳಿದಳು. ಈ ಗಳಿಗೆಗಾಗಿ ನಾನು ಒಂದು ಮಾತನ್ನು ತಿಂಗಳಿಂದ ಕಾಯ್ದಿಟ್ಟಿದ್ದೆ. ವೈಲ್ಡ್ ಎಂದರೆ ಕಾಡು, ಗೂಸ್ ಎಂದರೆ ಹೆಬ್ಬಾತು, ಚೇಸ್ ಎಂದರೆ ಬೆನ್ನು ಹತ್ತುವುದು. ಇದಕ್ಕೆ ಅರ್ಥದ ಕಾಲಮ್ಮು ಬೇರೆ ಬೇಕೇ? ಇಂಗ್ಲಿಷರು ಇದನ್ನು ಮಾಡಿಟ್ಟದ್ದೇ ನನ್ನ ಸಲುವಾಗಿ!

"ಟುಮಾರೋ," ಎಂದೆ ಗಂಭೀರವಾಗಿ, "ವೈಲ್ಡ್ ಗೂಸ್ ಚೇಸ್!"

"ಆರ್ ಯು ಶುವರ್?"

"ಹಂಡ್ರೆಡ್ ಪರ್ಸೆಂಟ್!"

ಹೆಲೆನ್ ಎದ್ದು ನನ್ನ ಕೈಯನ್ನು ಎರಡೂ ಕೈಗಳಿಂದ ಹಿಡಿದು, ಬಹಳ ಹೊತ್ತು ಕುಲುಕಿ, ಲಕ್ಷ್ಮೇಶ್ವರದ ಲಾಡ್ಜಿಗೆ ಹೊರಟಳು. "ನೋಡಿದಿ? ಮಾತು ಹೆಂಗ ನೀರ ಹರದಂಗ ಹರೀತು!" ಎಂದೆ ಹೆಂಡತಿಗೆ. ಅವಳು, "ಆಕಿ ಮಾರಿ ಯಾಕೋ ಸಣ್ಣದಾಗಿತ್ರೀ," ಎಂದಳು. ಖಾರದ ಪರಿಣಾಮ ಎಂದು ವಿವರಿಸಿದೆ.

ಮರುದಿನ ಆರಕ್ಕೇ ನಾನೂ ನಿರ್ಮಲಾಳೂ ಥರ್ಮಾಸಿನಲ್ಲಿ ಚಹಾ ತುಂಬಿಕೊಂಡು ಮಾಗಡಿ ಕೆರೆಯ ದಂಡೆಯ ಮೇಲೆ ಹಾಜರಾದೆವು. ಆರೂವರೆ ಆಯಿತು. ಏಳಾಯಿತು. ಲಕ್ಷ್ಮೇಶ್ವರದ ರಸ್ತೆಯಲ್ಲಿ ಎರಡು ಟ್ರ್ಯಾಕ್ಟರು, ಒಂದು ಎಮ್ಮೆ ಬಂದವು. ಕಾರು ಬರಲಿಲ್ಲ. ಮಾಬುಸಾಬನಿಗೆ ಫೋನು ಮಾಡಿದೆ.

"ನಾವಾಗಲೇ ಗದಗ ಮುಟ್ಟೇವ್ರಿ ಸರ," ಎಂದ ಅವನು. "ಇಡ್ಲಿ ತಿನ್ನಾಕತ್ತೀವಿ. ಮೇಡಂ ಬಾದಾಮಿಗೆ ನಡಿ ಅಂದ್ರು."

"ಬಾದಾಮಿ? ಮತ್ತ ಹಕ್ಕಿ?"

"ನೀವಽ ನಿನ್ನಿ ಹಕ್ಕಿ ಇಲ್ಲಂತ ಹೇಳಿದ್ರಂತಲ್ರಿ? ವೈಲ್ಡ್ ಗೂಸ್ ಚೇಸ್ ಅಂದ್ರ ಸುಮ್ಮನ ಅಡ್ಡಾಡಿ ಸುಸ್ತಾಗಿ ಬರೂದು, ಕೈಗೆ ಏನೂ ಹತ್ತೂದಿಲ್ಲ ಅಂತ ಅರ್ಥ."

ನಾನು ಮಂಕಿ ಕ್ಯಾಪ್ ತೆಗೆದೆ. "ಮತ್ತ ನನ್ನ ಫೋಟೋ?"

"ಅವನ್ನ ಪೂರಾ ನಂಬಬ್ಯಾಡ್ರಿ ಅಂತ ನೀವಽ ಅಂದ್ರಂತ. ಉಪ್ಪಿನ ಮಾತಿಗೆ ಅರ್ಥ ಅದಽ ನೋಡ್ರಿ. ಖರೆ ಅಂದ್ರೂ ಮೇಡಂ ನಿಮ್ಮನ್ನ ಭಾಳ ಹೊಗಳಾಕತ್ತಾರ. ತನ್ನ ಫೋಟೋ ಸುಳ್ಳು ಅಂತ ತಾನಽ ಒಪ್ಪಿಕೊಳ್ಳೋ ಇಂಥಾ ಪ್ರಾಮಾಣಿಕ ಮನಷ್ಯಾನ್ನ ನಾ ನೋಡಿಲ್ಲ ಅಂತಾರ!"

ಎಂಥ ಭಾಷೆಯಪ್ಪ ಇದು! ಆನೆ ಎಂದರೆ ಆನೆಯಲ್ಲ, ಉಪ್ಪು ಎಂದರೆ ಉಪ್ಪಲ್ಲ, ಹೆಬ್ಬಾತು ಎಂದರೆ ಹೆಬ್ಬಾತು ಇಲ್ಲ! ಒಂದು ಮಾತಾದರೂ ಹೇಳಿದ್ದನ್ನು ಹೇಳುವುದು ಬೇಡವೇ? ಹತ್ತು ವರ್ಷದ ಚಳಿ, ಹತ್ತು ವರ್ಷದ ನಿದ್ದೆಗೇಡು, ಎಲ್ಲವನ್ನೂ ನನ್ನ ಬಾಯಿಯಿಂದಲೇ ಸುಳ್ಳೆಂದು ಒಪ್ಪಿಸಿಕೊಂಡು ಹೋಗಿತ್ತು. ನಾಲ್ಕೇ ಶಬ್ದದಲ್ಲಿ!

"ಫೋನ್ ಮೇಡಂಗ ಕೊಡಪಾ, ನಾ ತಿಳಿಸಿ ಹೇಳ್ತೀನಿ," ಎಂದೆ. ಗಂಟಲು ಸರಿಪಡಿಸಿಕೊಂಡು, "ಹಲೋ ಮೇಡಂ, ಲಾಂಗ್ ಸ್ಟೋರಿ ಶಾರ್ಟ್..." ಎನ್ನುವಷ್ಟರಲ್ಲಿ ನಿರ್ಮಲಾ ಫೋನು ಕಸಿದುಕೊಂಡಳು.

"ಬಾಯಿ ಮುಚ್ಚರಿ! ನಿಮ್ಮ ಕಾಲು ಹಿಡೀತೀನಿ, ಇನ್ನ ಒಂದು ಶಬ್ದ ಆಡಬ್ಯಾಡ್ರಿ. ಮ್ಯಾಲೆ ನೋಡ್ರಿ, ಬರಾಕತ್ತಾವು!"

ಹೊಲಗಳಲ್ಲಿ ಮೇಯ್ದ ಹೆಬ್ಬಾತುಗಳು ಕೆರೆಗೆ ಮರಳುವ ಹೊತ್ತು. ಅಡರಕಟ್ಟಿಯ ಕಡೆಯಿಂದ ಮೊದಲೊಂದು ಸಾಲು, ಅದರ ಹಿಂದೆ ಇನ್ನೊಂದು, ಮತ್ತೊಂದು. ಆಕಾಶವೆಲ್ಲ ಅವುಗಳ ಕೂಗು. ನಿರ್ಮಲಾ ವಿಡಿಯೋ ಕಾಲ್ ಒತ್ತಿ ಫೋನನ್ನು ಮೇಲಕ್ಕೆ ಹಿಡಿದಳು. ನೂರಾರು ಹಕ್ಕಿಗಳು ರೆಕ್ಕೆ ಚಾಚಿ, ಕಾಲು ಮುಂದೆ ಮಾಡಿ, ನೀರಿನ ಮೇಲೆ ಗೀರೆಳೆಯುತ್ತ ಇಳಿದವು. ಫೋನಿನ ಆಚೆ ಏನೋ ಬಿದ್ದ ಸದ್ದಾಯಿತು. ಇಡ್ಲಿಯ ತಾಟು ಎಂದು ಮಾಬುಸಾಬ ಆಮೇಲೆ ತಿಳಿಸಿದ.

ಅರ್ಧ ತಾಸು ಕಳೆಯುತ್ತಲೇ ಕಾರು ದಂಡೆಯ ಬುಡದಲ್ಲಿ ನಿಂತಿತು. ಹೆಲೆನ್ ಓಡಿ ಬಂದಳು. ನಾನು ಬಾಯಿ ತೆರೆದೆ. ನಿರ್ಮಲಾ ನನ್ನ ಕಡೆ ನೋಡಿದಳು. ಬಾಯಿ ಮುಚ್ಚಿದೆ. ಮೂರು ತಾಸು ನಾವು ಅಲ್ಲಿ ಕೂತೆವು. ಬೇಕಾದ್ದನ್ನು ಮಾಬುಸಾಬ ತಿಳಿಸಿ ಹೇಳಿದ. ಅವನು ಏನು ಹೇಳಿದನೋ, ಹೆಲೆನ್ ಕಣ್ಣೊರೆಸಿಕೊಂಡು ನಗುತ್ತಲೇ ಇದ್ದಳು. ನಡುನಡುವೆ 'ಎಲಿಫೆಂಟ್' ಎಂಬ ಶಬ್ದ ನನ್ನ ಕಿವಿಗೆ ಬಿತ್ತು. ನಾನು ಹಕ್ಕಿ ನೋಡುತ್ತಿರುವಂತೆ ನಟಿಸಿದೆ.

ಮಧ್ಯಾಹ್ನ ಮನೆಗೆ ಬಂದು ಫೋಟೋಗಳನ್ನು ಮತ್ತೆ ಮೊದಲಿನಿಂದ, ಉಪ್ಪಿಲ್ಲದೆ ನೋಡಿದಳು. ಮೂರನ್ನು ಆರಿಸಿದಳು. ಎರಡು ನನ್ನವು. ಮೂರನೆಯದು, ಒಂಟಿ ಹೆಬ್ಬಾತು ನೀರಿನಲ್ಲಿ ತನ್ನ ನೆರಳನ್ನು ನೋಡಿಕೊಳ್ಳುವ ಚಿತ್ರ, ಆಕೆಗೆ ಎಲ್ಲಕ್ಕಿಂತ ಮೆಚ್ಚಿಗೆಯಾಯಿತು. ಅದನ್ನು ತೆಗೆದದ್ದು ನಿರ್ಮಲಾ. ಹೋದ ವರ್ಷ ನಾನು ದಂಡೆಯ ಮೇಲೆ ತೂಕಡಿಸುತ್ತಿದ್ದಾಗ, ಬುತ್ತಿ ತಂದವಳು ಸುಮ್ಮನೆ ಒಂದು ಸಲ ಗುಂಡಿ ಒತ್ತಿದ್ದಳಂತೆ.

ಮೊನ್ನೆ ಪುಸ್ತಕ ಅಂಚೆಯಲ್ಲಿ ಬಂತು. ಮುಖಪುಟದ ಮೇಲೆ ನಿರ್ಮಲಾಳ ಹೆಬ್ಬಾತು, ಒಳಗೆ ನನ್ನವೆರಡು. ಕೊನೆಯ ಪುಟದಲ್ಲಿ ಉಪಕಾರಸ್ಮರಣೆ. ನಿರ್ಮಲಾ ಅದರ ಮೇಲೆ ಮೊಬೈಲು ಹಿಡಿದು ತರ್ಜುಮೆಯನ್ನು ಗಟ್ಟಿಯಾಗಿ ಓದಿದಳು. ಕಾರು ತಿರುಗಿಸಿದ ಮಾಬುಸಾಬನಿಗೆ ವಂದನೆ. ಭಜಿಗಾಗಿ, ಮುಖಪುಟದ ಚಿತ್ರಕ್ಕಾಗಿ ನಿರ್ಮಲಾ ಅವರಿಗೆ ವಂದನೆ. 'ಹಾಗೆಯೇ, ಹಕ್ಕಿಗಳು ಬೆದರದಂತೆ ಮೂರು ತಾಸು ಒಂದು ಮಾತೂ ಆಡದೆ ಕುಳಿತ ಚಂದ್ರು ಅವರಿಗೆ ವಿಶೇಷ ವಂದನೆ.'

ನಿರ್ಮಲಾ ಪುಸ್ತಕ ಮುಚ್ಚಿ ನಿಟ್ಟುಸಿರು ಬಿಟ್ಟಳು.

"ಇಪ್ಪತ್ತೆಂಟು ವರ್ಷದಾಗ ನನಗ ಸಿಗಲಾರದ್ದು ಆಕಿಗೆ ಒಂದಽ ದಿನಕ್ಕ ಸಿಕ್ತು ನೋಡ್ರಿ!"

ಇದಕ್ಕೆ ತಕ್ಕ ಉತ್ತರ ಕೊಡಬೇಕೆಂದು ಮೂರನೆಯ ಹಾಳೆ ಹುಡುಕತೊಡಗಿದೆ.