ವಾರ್ಷಿಕ ವರದಿಯಲ್ಲಿ ನನ್ನ ನಿದ್ದೆ

ಹಗಲು ನಿದ್ದೆ ಮಾಡುವವರಲ್ಲಿ ಎರಡು ಬಗೆ. ಮಾಡಿದೆ ಎಂದು ಒಪ್ಪಿಕೊಳ್ಳುವವರು ಒಂದು ಬಗೆಯಾದರೆ, ‘ಕಣ್ಣು ಮುಚ್ಚಿ ಯೋಚಿಸುತ್ತಿದ್ದೆ’ ಎನ್ನುವವರು ಇನ್ನೊಂದು. ನಾನು ಎರಡನೆಯವನು. ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿ ಇಪ್ಪತ್ತು ವರ್ಷ ಹೀಗೆ ಯೋಚಿಸಿದ್ದೇನೆ. ಮಂಡ್ಯದ ಮನೆಯಲ್ಲಿ ಊಟವಾದ ಮೇಲೆ ಯೋಚಿಸಿದರೆ ನನ್ನ ಹೆಂಡತಿ, “ಗೊರಕೆ ಹೊಡ್ಕೊಂಡು ಯೋಚ್ನೆ ಮಾಡೋರ್ನ ನಿಮ್ಮೊಬ್ಬರನ್ನೇ ಕಣ್ರೀ ನಾನು ನೋಡಿರೋದು” ಎನ್ನುತ್ತಾಳೆ. ಇಂಥ ನನ್ನ ನಿದ್ದೆ ಒಂದು ದಿನ ವಿಶ್ವವಿದ್ಯಾಲಯದ ವಾರ್ಷಿಕ ಪ್ರಗತಿ ವರದಿಗೆ ಏರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕನಸುಗಳೇನೋ ಬೇಕಾದಷ್ಟು ಬೀಳುತ್ತವೆ.

ಈ ವರದಿಯಲ್ಲಿ ಮೂರು ಅಂಕಣ: ಸಂಶೋಧನೆಯ ಗುಣಮಟ್ಟ, ಅನುದಾನ, ನಾವೀನ್ಯ. ಮೊದಲೆರಡನ್ನು ಹೇಗೋ ತುಂಬಿಸಬಹುದು, ಮೂರನೆಯದು ಬಂದರೆ ಇಡೀ ವಿಭಾಗ ಕಿಟಕಿಯಾಚೆ ನೋಡುತ್ತದೆ. ಒಂದು ವರ್ಷ ನಮ್ಮ ವಿಭಾಗದ ಮುಖ್ಯಸ್ಥರು ಬೇರೇನೂ ಹೊಳೆಯದೆ ಸ್ಟಾಫ್ ರೂಮಿನ ಗಡಿಯಾರಕ್ಕೆ ಹೊಸ ಸೆಲ್ ಹಾಕಿದ್ದನ್ನೇ ನಾವೀನ್ಯವೆಂದು ಬರೆದುಬಿಟ್ಟರು. ಆ ಗಡಿಯಾರ ಈಗಲೂ ಹತ್ತು ನಿಮಿಷ ಹಿಂದಿದೆ. ಅದಾದ ಮೇಲೆ ಅವರು ನನ್ನನ್ನು ಕರೆದು, “ನಿಮಗೇ ತಾನೇ ಅನುದಾನ ಬಂದಿರೋದು, ಈ ಸಲ ನೀವೇ ಏನಾದರೂ ತೋರಿಸಿ” ಅಂದರು.

ನನಗೆ ಅನುದಾನ ಬಂದಿದ್ದದ್ದು ಬೆಲ್ಲದ ಯಂತ್ರಕ್ಕೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಕಾವು ಅಳೆದು, ಹದಕ್ಕೆ ಬಂದ ಕೂಡಲೇ ಗಂಟೆ ಹೊಡೆಯುವ ಪೆಟ್ಟಿಗೆ ಅದು. ಪಾಕವನ್ನು ಬೇಗ ಇಳಿಸಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ತಡವಾದರೆ ಕಪ್ಪಾಗುತ್ತದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಬೋರಣ್ಣನದೊಂದು ಆಲೆಮನೆ. ಅವನು ಚಿಟಿಕೆ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ಹದ ಹೇಳುವವನು. ಅಲ್ಲಿಯೇ ನಮ್ಮ ಪೆಟ್ಟಿಗೆ ಇಟ್ಟೆವು. ಅದರ ಪಕ್ಕದಲ್ಲಿ ದಿನವೂ ನೋಟ್‌ಬುಕ್ ಹಿಡಿದು ನಿಲ್ಲುತ್ತಿದ್ದವಳು ನನ್ನ ಪಿಎಚ್.ಡಿ. ವಿದ್ಯಾರ್ಥಿನಿ, ಹಲಗೂರಿನ ಸವಿತಾ. ಯೋಜನೆ ಮುಂದುವರಿದರೆ ಮಾತ್ರ ಅವಳಿಗೆ ಫೆಲೋಶಿಪ್. ನಿಂತುಹೋದರೆ ಊರಿಗೆ ಹೋಗಿ ಅಪ್ಪನ ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿಯಬೇಕು. ಅವಳು ಇದನ್ನು ನಗುತ್ತಲೇ ಹೇಳಿದ್ದಳು. ನನಗೆ ನಗು ಬಂದಿರಲಿಲ್ಲ.

ನಾನು ಅಲ್ಲಿ ಏನು ಮಾಡುತ್ತಿದ್ದೆ ಎಂದು ನೀವು ಕೇಳಬಾರದು. ಆಲೆಮನೆಗೆ ಹೋದವರಿಗೆ ಗೊತ್ತು. ಗೋಡೆಗೊರಗಿಸಿದ ಗೋಣಿಚೀಲಗಳು, ಒಲೆಯ ಹಿತವಾದ ಕಾವು, ಕಬ್ಬಿನ ಹಾಲಿನ ಸಿಹಿಯಾದ ಹಬೆ, ಗಾಣದ ಒಂದೇ ಸಮನಾದ ಸದ್ದು. ತೊಟ್ಟಿಲು ಕಟ್ಟಿ ಜೋಗುಳ ಹಾಡಿದರೂ ಇಷ್ಟು ಚೆನ್ನಾಗಿ ನಿದ್ದೆ ಬರುವುದಿಲ್ಲ. ಅಲ್ಲಿ ಕೂತು ನಾನು ವರ್ಷವಿಡೀ ಆಳವಾಗಿ ಯೋಚಿಸಿದೆ.

ಕೊನೆಗೆ, ಯೋಜನೆ ಮುಂದುವರಿಯಬೇಕೇ ಎಂದು ನಿರ್ಧರಿಸುವ ಪರಿಶೀಲನಾ ಸಮಿತಿ ಆಲೆಮನೆಗೆ ಬರುವ ದಿನ ಬಂತು. ಬೆಂಗಳೂರಿನಿಂದ ವಯಸ್ಸಾದ ಪ್ರಾಧ್ಯಾಪಕಿಯೊಬ್ಬರು, ಜೊತೆಗೆ ಇನ್ನಿಬ್ಬರು. ನಮ್ಮ ಮುಖ್ಯಸ್ಥರು ಹೊಸ ಷರಟು ಹಾಕಿದ್ದರು. ಪೆಟ್ಟಿಗೆಯ ಬಗ್ಗೆ ನಾನು ಐದು ನಿಮಿಷ ಮಾತಾಡಿ, ಪಾಕ ಬರಲು ಹೊತ್ತಿದೆಯಲ್ಲ ಎಂದು ಗೋಣಿಚೀಲದ ಮೇಲೆ ಸುಮ್ಮನೆ ಹೀಗೆ ಕೂತೆ. ಅಷ್ಟೇ ನೆನಪು. ಆಮೇಲೆ ನಾನು ಕೊಕ್ಕರೆ ಬೆಳ್ಳೂರಿನಲ್ಲಿದ್ದೆ. ಕೊಕ್ಕರೆಗಳು ನಮ್ಮ ವರದಿಯ ಹಾಳೆಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗಿ ಹುಣಸೆಮರದ ಮೇಲೆ ಗೂಡು ಕಟ್ಟುತ್ತಿದ್ದವು. ನಾವೀನ್ಯದ ಖಾಲಿ ಹಾಳೆಯ ಮೇಲೆ ಒಂದು ಕೊಕ್ಕರೆ ನಿಧಾನವಾಗಿ ಕಾವಿಗೆ ಕೂತಿತು. ಇನ್ನೇನು ಮೊಟ್ಟೆ ಒಡೆಯಬೇಕು, ಎಚ್ಚರವಾಯಿತು.

ನಾನು ಕಣ್ಣು ಬಿಟ್ಟದ್ದೂ ಬೋರಣ್ಣ “ಇಳಿಸ್ರುಲಾ!” ಎಂದು ಕೂಗಿದ್ದೂ ಒಟ್ಟಿಗೇ ಆಯಿತು. ಆಳುಗಳು ಕೊಪ್ಪರಿಗೆ ಇಳಿಸಿ ಪಾಕ ಸುರಿದರು. ಹೊಂಬಣ್ಣದ ಪಾಕ ಅಚ್ಚಿಗೆ ಇಳಿಯುತ್ತಿದ್ದಾಗ ನಮ್ಮ ಪೆಟ್ಟಿಗೆ ನಿಧಾನವಾಗಿ ಟಿಣ್ ಅಂದಿತು. ಸ್ಟಾಫ್ ರೂಮಿನ ಗಡಿಯಾರವೇ ವಾಸಿ ಅನ್ನಿಸಿತು. ಸವಿತಾಳ ಮುಖ ಬಿಳಿಚಿಕೊಂಡಿತು. ಅಯ್ಯೋ, ಈ ಹುಡುಗಿಯ ಕೈಗೆ ನಾನೇ ಸೂಜಿದಾರ ಕೊಟ್ಟೆನಲ್ಲ!

ಪ್ರಾಧ್ಯಾಪಕಿ ಬೋರಣ್ಣನನ್ನು ಕೇಳಿದರು: “ಗಂಟೆ ಹೊಡೆಯೋಕೆ ಮುಂಚೆಯೇ ಇಳಿಸಿದ್ರಲ್ಲ, ನೀರಿಗೆ ಬಿಟ್ಟೂ ನೋಡಲಿಲ್ಲ. ಹೇಗೆ ಗೊತ್ತಾಯ್ತು?”

“ಆ ಪೆಟ್ಗೆ ಕತೆ ಬುಡವ್ವ ಅತ್ಲಾಗೆ. ಮೇಷ್ಟ್ರು ಕಣ್ ಬುಟ್ರಲ್ಲ, ಇಳಿಸ್ದೆ. ಪಾಕ ಅದುಕ್ಕೆ ಬತ್ತಿದ್ದಂಗೆ ಗಮ ತಿರುಗ್ತದೆ, ಇವ್ರು ಮೂಗು ಇವ್ರುನ್ನ ಎಬ್ಬುಸ್ಬುಡ್ತದೆ. ವರ್ಸದಿಂದ ನೋಡ್ತಾವ್ನಿ ಕಣವ್ವ, ಒಂದಿನಾನೂ ತೆಪ್ಪಿಲ್ಲ. ಅದ್ಕೇ ಇವತ್ತಿಂದ ನಾನು ಬೆಳ್ಳು ಸುಟ್ಕೊಳಾದೇ ಬುಟ್ಟಿವ್ನಿ.”

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಅದು ಬಿಡಲಿಲ್ಲ, ಸವಿತಾ ಬಿಟ್ಟಳು. “ಸರ್, ದಯವಿಟ್ಟು ಬೈಬೇಡಿ” ಎನ್ನುತ್ತಾ ನೋಟ್‌ಬುಕ್ಕನ್ನು ಪ್ರಾಧ್ಯಾಪಕಿಯ ಕೈಗಿಟ್ಟಳು. ಪ್ರತಿ ಪುಟದಲ್ಲೂ ಅಂದವಾಗಿ ಗೆರೆ ಹಾಕಿ ಸಮಯ ಬರೆದಿದ್ದಳು: ಬೋರಣ್ಣನ ಬೆರಳು, ಯಂತ್ರ, ಸರ್ ಎದ್ದದ್ದು. ಬೆರಳಿಗೂ ನನ್ನ ಎಚ್ಚರಕ್ಕೂ ಎಲ್ಲ ಕಡೆ ತಾಳೆಯಾಗಿತ್ತು. ಪ್ರಾಧ್ಯಾಪಕಿ ಪುಟ ತಿರುವುತ್ತಾ ಹೋದರು. ಮೊದಲು ಕನ್ನಡಕ ಒರೆಸಿಕೊಂಡರು, ಆಮೇಲೆ ಕಣ್ಣು. ನಗು ತಡೆಯಲಾಗಿರಲಿಲ್ಲ. “ಸುಳ್ಳು ಬರೆಯದೆ ಇಟ್ಟ ನೋಟ್‌ಬುಕ್ ನೋಡಿ ಬಹಳ ದಿನ ಆಗಿತ್ತಮ್ಮ” ಎಂದು ಅವಳ ಬೆನ್ನು ತಟ್ಟಿದರು.

ತಿಂಗಳಲ್ಲಿ ಸಮಿತಿಯ ಪತ್ರ ಬಂತು. ಯೋಜನೆ ಮುಂದುವರಿಯಲಿ, ಯಂತ್ರ ಕಾವನ್ನು ಬಿಟ್ಟು ವಾಸನೆ ಹಿಡಿಯಲಿ, ಸವಿತಾಳ ಫೆಲೋಶಿಪ್ ಇರಲಿ. ಅವಳ ಅಪ್ಪ ಹಲಗೂರಿನಿಂದ ನನಗೊಂದು ಷರಟು ಹೊಲಿದು ಕಳಿಸಿದರು. ಖುಷಿಯಿಂದ ವಾರ್ಷಿಕ ವರದಿ ತೆರೆದೆ. ಗುಣಮಟ್ಟದ ಅಂಕಣದಲ್ಲಿ ಸವಿತಾಳ ನೋಟ್‌ಬುಕ್ಕಿತ್ತು. ಸಂಶೋಧಕರ ಪಟ್ಟಿಯಲ್ಲಿ ಅವಳ ಹೆಸರಿತ್ತು, ನನ್ನದು ಇರಲಿಲ್ಲ. ಹುಡುಕುತ್ತಾ ಹೋದರೆ ಮುಖ್ಯಸ್ಥರು ನನ್ನನ್ನು ನಾವೀನ್ಯದ ಅಂಕಣದ ಉಪಕರಣಗಳ ಪಟ್ಟಿಯಲ್ಲಿ, ತಕ್ಕಡಿಯ ಕೆಳಗೆ ಸೇರಿಸಿದ್ದರು.

ಈಗಿನ ಕಷ್ಟ ಕೇಳಿ. ಹೊಸ ಯಂತ್ರವನ್ನು ನನ್ನ ಮೂಗಿಗೆ ಹೋಲಿಸಿ ನೋಡಬೇಕಂತೆ, ಅದಕ್ಕೆ ನಾನು ಆಲೆಮನೆಯಲ್ಲಿ ಮಲಗಬೇಕು. ಅದೇ ಗೋಣಿಚೀಲ, ಅದೇ ಹಬೆ. ಸವಿತಾ ಪೆನ್ನು ಹಿಡಿದು ನನ್ನನ್ನೇ ನೋಡುತ್ತಾ ನಿಲ್ಲುತ್ತಾಳೆ. ಕರ್ತವ್ಯವೆಂದು ಮಲಗಿದರೆ ಹಾಳಾದ ನಿದ್ದೆ ಎಲ್ಲಿಂದ ಬರಬೇಕು? ಮೊನ್ನೆ ಕಣ್ಣು ಮುಚ್ಚಿ ನಟಿಸಿದೆ, ಅಂದಾಜಿನ ಮೇಲೆ ತೆರೆದೆ, ಬೋರಣ್ಣ ನಂಬಿ ಇಳಿಸಿದ. ಅಚ್ಚಿನಲ್ಲಿ ಬೆಲ್ಲ ಸಂಜೆಯಾದರೂ ಗಟ್ಟಿಯಾಗಲಿಲ್ಲ. “ಏನ್ ಮೇಷ್ಟ್ರೇ, ಅಸಿ ಪಾಕುಕ್ಕೇ ಎದ್ಬುಟ್ರಲ್ಲ!” ಎಂದು ಅವನು ತಲೆ ಮೇಲೆ ಕೈಯಿಟ್ಟುಕೊಂಡ. ಸವಿತಾ ಏನೋ ಬರೆದುಕೊಂಡಳು. ಅವಳು ನೀರು ಕುಡಿಯಲು ಹೋದಾಗ ನೋಟ್‌ಬುಕ್ ಇಣುಕಿ ನೋಡಿದೆ. ಅವತ್ತಿನ ಪುಟದಲ್ಲಿ, ನನ್ನ ಹೆಸರಿನ ಮುಂದೆ, ಅದೇ ಅಂದವಾದ ಅಕ್ಷರದಲ್ಲಿ ಬರೆದಿದ್ದಳು: ‘ಉಪಕರಣ ಕೆಟ್ಟಿದೆ.’