ಹದಿನಾರು ಹಲ್ಲಿನ ಹೆಲಿಕಾಪ್ಟರ್

ಪುಟಾಣಿ ಹೆಲಿಕಾಪ್ಟರ್ ಹಾರಿಸುವ ಹುಚ್ಚಿರುವವನಿಗೆ ಆಕಾಶಕ್ಕಿಂತ ಮೊದಲು ಬೇಕಾದದ್ದು ತಾರಸಿಯ ಕೀ. ಬಾಡಿಗೆ ಮನೆಗಳು ಒಂದರ ಬೆನ್ನಿಗೊಂದು ಅಂಟಿಕೊಂಡಿರುವ ಪಟ್ಟಂದೂರು ಅಗ್ರಹಾರದಲ್ಲಿ ಆಕಾಶ ಯಾರಪ್ಪನದೂ ಅಲ್ಲ, ನಿಜ. ಆದರೆ ಅಲ್ಲಿಗೆ ಹತ್ತುವ ಮೆಟ್ಟಿಲು ನಮ್ಮ ಓನರ್ ಜಯಮ್ಮನವರದು. ಕೀ ಕೊಟ್ಟರು, ಒಂದೇ ಷರತ್ತಿನ ಮೇಲೆ: ಹೆಲಿಕಾಪ್ಟರ್ ಅವರ ಸಂಡಿಗೆಗೆ ಸೋಕಿದರೆ ಕೀ ವಾಪಸ್, ಅದು ಅಟ್ಟಕ್ಕೆ.

ಇನ್ನು ಹಲ್ಲಿನ ವಿಷಯ. ಮೋಟಾರಿನ ತುದಿಯಲ್ಲೊಂದು ಪುಟ್ಟ ಗೇರು, ಅದಕ್ಕೆ ಕಚ್ಚಿಕೊಂಡು ರೆಕ್ಕೆ ತಿರುಗಿಸುವ ದೊಡ್ಡ ಗೇರು. ಪುಟ್ಟದಕ್ಕೆ ಹಲ್ಲು ಹೆಚ್ಚಿದಷ್ಟೂ ರೆಕ್ಕೆ ಜೋರು. ವಿಡಿಯೊ ನೋಡಿಯೇ ಎಂಜಿನಿಯರಾದ ನಾನು ಹದಿಮೂರು ಹಲ್ಲಿನದನ್ನು ಕಿತ್ತು ಹದಿನಾರರದ್ದು ಹಾಕಿದೆ. ರೆಕ್ಕೆ ತೀರಾ ಜೋರಾದರೆ ಮೋಟಾರನ್ನೇ ನಿಧಾನ ಓಡಿಸಿದರಾಯಿತು, ಬ್ಯಾಟರಿಯೂ ಉಳಿಯುತ್ತದೆ ಎಂದು ನನ್ನ ಲೆಕ್ಕ. ಪೀಣ್ಯದಲ್ಲಿರುವ, ಇದೇ ಹುಚ್ಚಿನ ಗೆಳೆಯ ಸತೀಶ ಫೋನಿನಲ್ಲೇ ತಡೆದ. ಮೋಟಾರಿಗೆ ಅದರದೇ ಒಂದು ಹಿತವಾದ ಓಟವಿದೆ, ಅದನ್ನು ಅಲ್ಲೇ ಬಿಟ್ಟು ಹಲ್ಲಿನಲ್ಲಿ ರೆಕ್ಕೆಯ ವೇಗ ಹೊಂದಿಸಬೇಕಂತೆ. "ಮಗಾ, ನೀನ್ ಮಾಡ್ತಿರೋದು ಟಾಪ್ ಗೇರಲ್ಲಿ ಫ್ಲೈಓವರ್ ಹತ್ತಿಸಿದಂಗೆ ಕಣೋ. ಅರ್ಧಕ್ಕೇ ಉಸಿರು ಬಿಡತ್ತೆ," ಅಂದ. ಹೊಟ್ಟೆಕಿಚ್ಚು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಜಯಮ್ಮ ತಾರಸಿಯ ಅರ್ಧಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಸಂಡಿಗೆ ಇಟ್ಟು, ಕಾಗೆ ಓಡಿಸಲು ಕೋಲು ಹಿಡಿದು ಬಾಗಿಲಲ್ಲಿ ಕುಳಿತಿದ್ದರು. ನೀರಿನ ಟ್ಯಾಂಕಿನ ಮೇಲೆ ಕಾಗೆಗಳ ಸಾಲು. ಉಳಿದರ್ಧದಿಂದ ನಾನು ಹೆಲಿಕಾಪ್ಟರ್ ಎಬ್ಬಿಸಿದೆ. ಎದೆಮಟ್ಟಕ್ಕೆ ಏರಿತು. ಅಷ್ಟರಲ್ಲಿ ಎಲ್ಲಿತ್ತೋ ಒಂದು ಗಾಳಿ, ಅದನ್ನು ನೇರ ಸಂಡಿಗೆಯ ನೆತ್ತಿಗೆ ತಳ್ಳಿತು. ಮೇಲೆತ್ತೋಣವೆಂದು ರಿಮೋಟಿನಲ್ಲಿ ರೆಕ್ಕೆಯ ಓರೆ ಹೆಚ್ಚಿಸಿದೆ; ಓರೆ ಹೆಚ್ಚಿದಷ್ಟೂ ಎತ್ತುವ ಬಲ ಹೆಚ್ಚು, ಮೋಟಾರಿಗೆ ಹೊರೆಯೂ ಹೆಚ್ಚು. ಮೋಟಾರು ಮುಲುಗಿತು. ರೆಕ್ಕೆಯ ಸದ್ದು ತಗ್ಗಿತು. ಸೊಂಟದ ಮಟ್ಟ, ಮಂಡಿಯ ಮಟ್ಟ, ಇಳಿಯುತ್ತಲೇ ಇದೆ. ಬಾಲ ಆಚೀಚೆ ತೂಗುತ್ತಿದೆ, ರಿಮೋಟಿನ ಮೇಲೆ ಹೆಬ್ಬೆರಳು ಬೆವರಿಗೆ ಜಾರುತ್ತಿದೆ. ಹಸಿ ಸಂಡಿಗೆಗೂ ಅದರ ಕಾಲಿಗೂ ನಡುವೆ ಒಂದು ಗೇಣು ಉಳಿದಾಗ ಜಯಮ್ಮ ಎದ್ದು ನಿಂತರು. ರಿಮೋಟಿನ ಕಡ್ಡಿಯನ್ನು ಪಕ್ಕಕ್ಕೆ ದೂಡಿದೆ. ಹಾಳೆಯ ಅಂಚು ದಾಟಿ, ಬರೀ ಸಿಮೆಂಟಿನ ಮೇಲೆ ಕುಕ್ಕರಿಸಿತು. ರೆಕ್ಕೆ ಇನ್ನೂ ತಿರುಗುತ್ತಿತ್ತು.

ಕೀ ಕೊಟ್ಟುಬಿಡೋಣವೆಂದು ಜೇಬಿಗೆ ಕೈ ಹಾಕಿದೆ. ಜಯಮ್ಮ ನನ್ನನ್ನು ನೋಡುತ್ತಿರಲಿಲ್ಲ, ಟ್ಯಾಂಕಿನ ಬರಿದಾದ ನೆತ್ತಿಯನ್ನು ನೋಡುತ್ತಿದ್ದರು.

"ಒಂದ್ ಕಾಗೆನೂ ಇಲ್ವಲ್ಲಪ್ಪಾ. ಇಂಗೇ ತಿರುಗಿಸ್ತಾ ಇರು. ಮೇಲಕ್ ಮಾತ್ರ ಎತ್ಬೇಡ."

ಹೀಗೆ ಕೀ ನನ್ನ ಬಳಿಯೇ ಉಳಿಯಿತು. ಸತೀಶನ ಮಾತಿನಂತೆ ಹಲ್ಲನ್ನು ಮತ್ತೆ ಹದಿಮೂರಕ್ಕೆ ಇಳಿಸಿದೆ. ಅವನು ಹೇಳಿದ್ದಕ್ಕಿಂತಲೂ ಇಳಿಸಬೇಕಾಯಿತು, ಏಕೆಂದರೆ ಹದಿಮೂರರ ಗಾಳಿಗೆ ಒಣಗಿದ ಸಂಡಿಗೆ ಹಾರುತ್ತದೆಂದು ಜಯಮ್ಮನ ದೂರು. ಈಗಿರುವುದು ಹತ್ತು. ಮೋಟಾರು ತನ್ನ ಹಿತವಾದ ಓಟದಲ್ಲಿದೆ, ರೆಕ್ಕೆ ನಿಧಾನ, ಮುಲುಗಾಟವಿಲ್ಲ. ಗುಣಿಸಿ ಭಾಗಿಸಿ ನಾನು ಕಂಡುಕೊಂಡ ಅತ್ಯಂತ ಸರಿಯಾದ ಗೇರು ಇದೇ. ಒಂದೇ ಕೊರತೆ, ಇದರಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ. ಆದರೂ ಯಾವುದಕ್ಕೂ ಇರಲಿ ಎಂದು ಜಯಮ್ಮ ಅದನ್ನು ಕವುಚಿಟ್ಟ ಬಕೆಟ್ಟಿಗೆ ಹಗ್ಗದಿಂದ ಕಟ್ಟಿಯೂ ಹಾಕಿದ್ದಾರೆ.

ನಿನ್ನೆ ನಡುವೆಯೇ ಬ್ಯಾಟರಿ ಮುಗಿಯಿತು. ಅವರು ಕೋಲನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದು ಹೋದರು.